ಸೋತ ತೋಳಿಗೆ ಸಿಂಬಿಯ ಆಟ

ಸೊರಬ ತಾಲ್ಲೂಕಿನ ಹಳ್ಳಿಯೊಂದರಿಂದ ಹಿರಿಯರೊಬ್ಬರು ಎರಡು ವರ್ಷಗಳ ಹಿಂದೆ ಶಿಕಾರಿಪುರದ ನಮ್ಮ ಚಿಕಿತ್ಸಾಲಯಕ್ಕೆ ಬಂದಿದ್ದರು. ವಯಸ್ಸು 68. ಸ್ವಲ್ಪ ಅಡಿಕೆ ತೋಟ, ಸ್ವಲ್ಪ ಗದ್ದೆ, ಹತ್ತು ವರ್ಷಗಳಿಗೂ ಮೀರಿದ ಸಕ್ಕರೆ ಕಾಯಿಲೆ. ಎಡ ಹೆಗಲು ಹಿಡಿದುಕೊಂಡು ಏಳು ತಿಂಗಳಾಗಿತ್ತು. ಅಂಗಿ ತೊಡಲು ಮಗನ ನೆರವು ಬೇಕು, ಬೆನ್ನು ತಿಕ್ಕಿಕೊಳ್ಳಲಾಗದು, ಎಡ ಮಗ್ಗುಲಾಗಿ ಮಲಗಲಾಗದು ಎಂಬುದನ್ನೆಲ್ಲ ನಾವು ಕೇಳಿದ ಮೇಲೆ ಹೇಳಿದರೇ ಹೊರತು ತಾವಾಗಿ ಹೇಳಲಿಲ್ಲ. ಎದ್ದು ಹೊರಟವರು ಬಾಗಿಲ ಬಳಿ ನಿಂತು, "ಡಾಕ್ಟ್ರೇ, ಒಂದು ಮಾತು. ಲಿಂಗಪೂಜೆಗೆ ಕೂತಾಗ ಅಂಗೈ ಎದೆ ಮಟ್ಟಕ್ಕೂ ಬರೋದಿಲ್ಲ. ತೊಡೆ ಮೇಲೆ ಕೈ ಇಟ್ಕೊಂಡು ತಲೆ ಬಗ್ಗಿಸಿ ನೋಡ್ತೀನಿ. ಇದು ಸರಿಯೋ ತಪ್ಪೋ ಗೊತ್ತಾಗ್ತಾ ಇಲ್ಲ" ಎಂದರು.

ಸರಿ ತಪ್ಪುಗಳನ್ನು ಹೇಳಬೇಕಾದವರು ಪೂಜ್ಯರು. ಅದು ವೈದ್ಯನ ಅಧಿಕಾರವಲ್ಲ. ಆದರೆ ಕರಸ್ಥಲದ ಇಷ್ಟಲಿಂಗವನ್ನು ಕಣ್ಣಿನ ನೇರಕ್ಕೆ ಹಿಡಿದು ನೋಡುವುದು ಒಬ್ಬ ಹಿರಿಯರಿಗೆ ಹೆಗಲಿನ ಕೀಲೊಂದರಿಂದಾಗಿ ತಪ್ಪಿಹೋಗುವುದೆಂದರೆ ಅದು ಸಣ್ಣ ಸಂಗತಿಯೆಂದು ನಮಗೆ ತೋರಲಿಲ್ಲ. ತೈಲ, ಶಾಖ, ನಸ್ಯಗಳ ಜೊತೆಗೆ ನಾವು ಅವರಿಗೆ ಒಂದು ಆಟವನ್ನೂ ಬರೆದುಕೊಟ್ಟೆವು. ಔಷಧದ ಚೀಟಿಯಲ್ಲಿ ಆಟದ ಹೆಸರನ್ನು ಕಂಡು ಅವರ ಮಗ ನಕ್ಕದ್ದು ನೆನಪಿದೆ.

ಸುಶ್ರುತ ಸಂಹಿತೆಯ ನಿದಾನಸ್ಥಾನದ ಮೊದಲ ಅಧ್ಯಾಯದಲ್ಲಿ ವಾತವ್ಯಾಧಿಗಳ ನಡುವೆ ಅವಬಾಹುಕದ ವರ್ಣನೆ ಬರುತ್ತದೆ. ಹೆಗಲಿನಲ್ಲಿ ನೆಲೆಗೊಂಡ ವಾಯು ಅಲ್ಲಿಯ ಬಂಧನವನ್ನು ಒಣಗಿಸಿ, ಸಿರೆಗಳನ್ನು ಸಂಕೋಚಗೊಳಿಸಿ ತೋಳನ್ನು ಕಟ್ಟಿಹಾಕುತ್ತದೆ ಎಂಬುದು ಅಲ್ಲಿಯ ತಾತ್ಪರ್ಯ. ಆಧುನಿಕ ವೈದ್ಯರು ಫ್ರೋಜನ್ ಶೋಲ್ಡರ್ ಎಂದು ಕರೆಯುವ ಕಾಯಿಲೆ ಇದಕ್ಕೆ ಬಹಳ ಹತ್ತಿರದ್ದು. ಕೀಲನ್ನು ಚೀಲದಂತೆ ಸುತ್ತುವರಿದ ಪೊರೆಯು ಉರಿಯೂತದಿಂದ ದಪ್ಪಗಾಗಿ ಕುಗ್ಗುತ್ತದೆ. ಮೊದಲು ನೋವು, ಬಳಿಕ ಬಿಗಿತ, ಕಡೆಗೆ ನಿಧಾನವಾದ ಸಡಿಲಿಕೆ. ಎಲ್ಲ ಸೇರಿ 1ರಿಂದ 3 ವರ್ಷಗಳ ಪ್ರಯಾಣ. ಮಧುಮೇಹವುಳ್ಳವರಲ್ಲಿ ಇದು ಹೆಚ್ಚು ಕಾಣುತ್ತದೆ, ಹೆಚ್ಚು ಕಾಲ ಉಳಿಯುತ್ತದೆ.

ಜೀವನವೆಲ್ಲ ದುಡಿದ ತೋಳಿಗೆ ಇದು ಬರಲಾರದು ಎಂದು ನಮ್ಮ ರೈತಬಂಧುಗಳು ನಂಬಿದ್ದಾರೆ. ಹಾಗೇನೂ ಇಲ್ಲ. ದೋಟಿ ಹಿಡಿದು ಗೊನೆ ಕೊಯ್ಯುತ್ತಿದ್ದವರು, ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತು ಅಡಿಕೆ ಸುಲಿಯುತ್ತಿದ್ದ ತಾಯಂದಿರು, ಸೊರಬದಲ್ಲಿ ಶ್ರೀಗಂಧದ ತುಂಡಿನ ಮೇಲೆ ಬಗ್ಗಿ ಕುಳಿತು ಕೆತ್ತುವ ಗುಡಿಗಾರರು, ಎಲ್ಲರೂ ಈ ಹೆಗಲನ್ನು ಹೊತ್ತು ನಮ್ಮಲ್ಲಿಗೆ ಬಂದಿದ್ದಾರೆ. ದುಡಿಮೆಯಲ್ಲಿ ತೋಳು ಒಂದೇ ದಾರಿಯಲ್ಲಿ ಸಾವಿರ ಸಲ ಹೋಗಿಬರುತ್ತದೆ; ಉಳಿದ ದಾರಿಗಳಲ್ಲಿ ಹುಲ್ಲು ಬೆಳೆಯುತ್ತದೆ. ಮನೆಯ ಭಾರ ಮಗನಿಗೆ ಒಪ್ಪಿಸಿ ಜಗುಲಿಯಲ್ಲಿ ಕುಳಿತ ಮೇಲೆ ಆ ಒಂದು ದಾರಿಯೂ ಮುಚ್ಚುತ್ತದೆ.

ಇಂಥವರಿಗೆ ಗೋಡೆಯ ಮೇಲೆ ಬೆರಳುಗಳನ್ನು ಹತ್ತಿಸುವ ವ್ಯಾಯಾಮವನ್ನು ಎಲ್ಲ ವೈದ್ಯರೂ ಹೇಳುತ್ತಾರೆ, ನಾವೂ ಹೇಳುತ್ತೇವೆ. ಒಳ್ಳೆಯ ವ್ಯಾಯಾಮ. ಆದರೆ ನಮ್ಮ ಅನುಭವದಲ್ಲಿ ಹತ್ತು ಜನಕ್ಕೆ ಹೇಳಿದರೆ ಎರಡನೆಯ ವಾರಕ್ಕೆ ಅದನ್ನು ಮುಂದುವರಿಸಿದವರು ಇಬ್ಬರೋ ಮೂವರೋ. ಗೋಡೆ ಮಾತನಾಡುವುದಿಲ್ಲ, ಗೆದ್ದೆ ಎನ್ನುವುದಿಲ್ಲ, ನಾಳೆ ಬಾ ಎಂದು ಕರೆಯುವುದಿಲ್ಲ. ಆಟ ಕರೆಯುತ್ತದೆ.

ಆ ಆಟ ಯಾವುದೆಂದರೆ, ನೆಲಕ್ಕೆ ನೆಟ್ಟ ಗೂಟಕ್ಕೆ ದೂರದಿಂದ ಬಳೆಯನ್ನು ಎಸೆದು ತೊಡಿಸುವುದು. ನಮ್ಮ ಬಾಲ್ಯದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ. ಅವ್ವಂದಿರು ನೀರಿನ ಕೊಡ ಹೊರಲು ತಲೆಯ ಮೇಲಿಡುತ್ತಿದ್ದ ಹುಲ್ಲಿನ ಸಿಂಬಿ ಕೈಗೆ ಸಿಕ್ಕರೆ ಸಾಕು, ಕೊಟ್ಟಿಗೆಯ ಮುಂದಿನ ದನ ಕಟ್ಟುವ ಗೂಟಕ್ಕೆ ಗುರಿ ಹಿಡಿಯುತ್ತಿದ್ದೆವು. ಸಿಂಬಿ ಬಿಚ್ಚಿಕೊಂಡರೆ ಪೆಟ್ಟು ಬೀಳುತ್ತಿತ್ತು. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಜಾತ್ರೆಗೋ ಚಂದ್ರಗುತ್ತಿಯ ಜಾತ್ರೆಗೋ ಹೋದವರು ಇದರ ಇನ್ನೊಂದು ರೂಪವನ್ನು ಕಂಡಿರುತ್ತಾರೆ: ಹಲಗೆಯ ಮೇಲೆ ಸೋಪು, ಬಿಸ್ಕತ್ತಿನ ಪೊಟ್ಟಣ, ಆಟಿಕೆಗಳನ್ನು ಜೋಡಿಸಿ, ಹಣ ಪಡೆದು ರಿಂಗು ಕೊಡುವ ಅಂಗಡಿ. ಅಲ್ಲಿಯ ರಿಂಗಿಗೂ ಆ ಸಾಮಾನಿಗೂ ಕೂದಲೆಳೆಯ ಅಂತರವಷ್ಟೇ ಇರುತ್ತದೆ. ಅದರಲ್ಲಿ ಗೆದ್ದು ಮನೆಗೆ ಸೋಪು ತಂದವರನ್ನು ನಾವು ಹೆಚ್ಚಾಗಿ ಕಂಡಿಲ್ಲ. ಆ ಅಂಗಡಿಯ ಬಗ್ಗೆ ನಾವು ಇಲ್ಲಿ ಬರೆಯುತ್ತಿಲ್ಲ.

ಲೋಕದಲ್ಲಿ ಈ ಆಟಕ್ಕೆ ದೊಡ್ಡ ವಂಶಾವಳಿಯೇ ಇದೆ. ಇಂಗ್ಲೆಂಡಿನ ಹಳ್ಳಿಗಳಲ್ಲಿ ಕ್ವಾಯಿಟ್ಸ್ ಎಂಬ ಹೆಸರಿನಲ್ಲಿ ಕಬ್ಬಿಣದ ಬಳೆಯನ್ನು ಜೇಡಿಮಣ್ಣಿನಲ್ಲಿ ನೆಟ್ಟ ಕಬ್ಬಿಣದ ಗೂಟಕ್ಕೆ ಎಸೆಯುತ್ತಿದ್ದರು. ಜನ ಇದರಲ್ಲಿ ಎಷ್ಟು ಮುಳುಗಿದ್ದರೆಂದರೆ, 1388ರಲ್ಲಿ ಎರಡನೆಯ ರಿಚರ್ಡ್ ದೊರೆಯ ಕಾಲದ ಶಾಸನವೊಂದು ಆಳುಗಳೂ ಕೂಲಿಕಾರರೂ ಕ್ವಾಯಿಟ್ಸ್ ಮೊದಲಾದ ಆಟಗಳನ್ನು ಬಿಟ್ಟು ಬಿಲ್ಲುವಿದ್ಯೆಯನ್ನು ಅಭ್ಯಾಸ ಮಾಡಬೇಕೆಂದು ವಿಧಿಸಿತ್ತು. ಉತ್ತರ ಇಂಗ್ಲೆಂಡಿನ ಕ್ರಮದಲ್ಲಿ ಎರಡು ಗೂಟಗಳ ನಡುವೆ 11 ಗಜ, ಎಂದರೆ 33 ಅಡಿ ದೂರ; ಬಳೆಯ ತೂಕ ಎರಡು ಕಿಲೋಗ್ರಾಮಿಗೂ ಹೆಚ್ಚು. ಗಣಿ ಕೆಲಸಗಾರರ ತೋಳಿಗೆ ಹೊಂದುವ ಆಟ ಅದು, ನಮ್ಮ ಹಿರಿಯರಿಗಲ್ಲ. ಹಡಗಿನಲ್ಲಿ ದಿನಗಟ್ಟಲೆ ಪ್ರಯಾಣ ಮಾಡುವವರು ಕಬ್ಬಿಣವನ್ನು ಬಿಟ್ಟು ಹಗ್ಗದ ಬಳೆ ಮಾಡಿಕೊಂಡು ಆಡಿದರು. ಹಡಗಿನ ಅಟ್ಟದ ಮೇಲೆ ಬಲೆ ಕಟ್ಟಿ ಇಬ್ಬರು ಎದುರುಬದುರು ನಿಂತು ಆ ಬಳೆಯನ್ನು ಹಿಡಿದು ಎಸೆಯತೊಡಗಿದಾಗ ಅದು ಇನ್ನೊಂದು ಆಟವಾಯಿತು. ಅದೇ ಟೆನಿಕಾಯ್ಟ್. ಶಾಲೆಯ ಅಂಗಳದಲ್ಲಿ ರಬ್ಬರ್ ರಿಂಗ್ ಹಿಡಿದು ಆಡಿದ ತಾಯಂದಿರು ನಮ್ಮ ಓದುಗರಲ್ಲಿ ಬಹಳ ಮಂದಿ ಇರಬೇಕು. ಅವರು ಅದನ್ನು ಬರಿದೆ ರಿಂಗ್ ಆಟವೆನ್ನುತ್ತಾರೆ. 40 ಅಡಿ ಉದ್ದ, 18 ಅಡಿ ಅಗಲದ ಅಂಕಣ, ಆಳೆತ್ತರದ ಬಲೆ. ಅದರ ಮೊದಲ ವಿಶ್ವ ಚಾಂಪಿಯನ್‌ಷಿಪ್ 2006ರಲ್ಲಿ ನಮ್ಮ ನೆರೆಯ ಚೆನ್ನೈಯಲ್ಲೇ ನಡೆಯಿತು.

ಇಲ್ಲಿ ನಮ್ಮ ಶಾಸ್ತ್ರದಿಂದಲೇ ಒಂದು ಆಕ್ಷೇಪ ಏಳುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ ವಾಗ್ಭಟಾಚಾರ್ಯರು ವಾತಪಿತ್ತದ ರೋಗಿಗಳು, ಬಾಲಕರು, ವೃದ್ಧರು, ಅಜೀರ್ಣವುಳ್ಳವರು ವ್ಯಾಯಾಮವನ್ನು ಬಿಡಬೇಕೆಂದು ಸ್ಪಷ್ಟವಾಗಿ ಹೇಳಿದ್ದಾರೆ. ಹಾಗಿದ್ದಮೇಲೆ 68ರ ವಾತರೋಗಿಗೆ ಆಟ ಹೇಳುವುದು ಹೇಗೆ? ಅದೇ ಅಧ್ಯಾಯದಲ್ಲಿ ಬಲವಂತರೂ ಕೂಡ ಅರ್ಧಶಕ್ತಿಯಷ್ಟೇ, ಅದೂ ಶೀತಕಾಲ ಮತ್ತು ವಸಂತದಲ್ಲಿ ವ್ಯಾಯಾಮ ಮಾಡಬೇಕು, ಉಳಿದ ಕಾಲದಲ್ಲಿ ಇನ್ನೂ ಮಂದವಾಗಿ ಎಂದಿದೆ. ಬಾಯಿಯಿಂದ ಉಸಿರು ಬರುವಂತೆ, ಹಣೆಯಲ್ಲೂ ಕಂಕುಳಲ್ಲೂ ಬೆವರೊಡೆಯುವಂತೆ ಮಾಡುವ ಶ್ರಮವನ್ನು ಕುರಿತು ಅವರು ಮಾತನಾಡುತ್ತಿದ್ದಾರೆಂಬುದು ನಮ್ಮ ತಿಳಿವಳಿಕೆ. ಚರಕಾಚಾರ್ಯರ ಲಕ್ಷಣವಾದರೋ ಸ್ಥೈರ್ಯವನ್ನೂ ಬಲವನ್ನೂ ಕೊಡುವ, ಮನಸ್ಸಿಗೊಪ್ಪುವ ದೇಹಚೇಷ್ಟೆಯನ್ನೇ ವ್ಯಾಯಾಮವೆನ್ನುತ್ತದೆ ಮತ್ತು ಮಾತ್ರೆಯರಿತು ಆಚರಿಸಬೇಕೆನ್ನುತ್ತದೆ. ಉಸಿರು ಏರದಂತೆ, ಬೆವರು ಬಾರದಂತೆ ಸಿಂಬಿ ಎಸೆಯುವುದನ್ನು ವಾಗ್ಭಟರು ನಿಷೇಧಿಸಿದ ಗರಡಿಯ ಸಾಲಿಗೆ ಸೇರಿಸಲು ನಮ್ಮ ಮನಸ್ಸು ಒಪ್ಪದು. ಬೇರೆ ಅಭಿಪ್ರಾಯದ ವೈದ್ಯಮಿತ್ರರೂ ಇದ್ದಾರೆ. ಬೆವರು ಬಂದರೆ ನಿಲ್ಲಿಸಿ ಎಂಬಲ್ಲಿಗೆ ಇಬ್ಬರ ಮಾತೂ ಕೂಡುತ್ತದೆ.

ಸಾಮಗ್ರಿಗೆ ಪೇಟೆಗೆ ಹೋಗಬೇಕಾಗಿಲ್ಲ. ತೆಂಗಿನ ನಾರಿನ ಹಗ್ಗವನ್ನು ಒಳಗೆ ಒಂದು ಗೇಣು ಅಗಲವಿರುವಂತೆ ಸುತ್ತಿ, ಹಳೆಯ ಸೀರೆಯ ಅಂಚಿನಿಂದ ಬಿಗಿದರೆ ಸಿಂಬಿ ಸಿದ್ಧ. ಐದು ಬೇಕು. ಅಡಿಕೆ ದಬ್ಬೆಯನ್ನು ನುಣುಪು ಮಾಡಿ ಒಂದು ಮೊಳ ಮೇಲಕ್ಕಿರುವಂತೆ ನೆಟ್ಟರೆ ಗೂಟ. ಮಳೆಗಾಲದಲ್ಲಿ ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ ಪಡಸಾಲೆಯಲ್ಲೇ ಆಡಬಹುದು. ನಮ್ಮ ಮಲೆನಾಡಿನ ಸೆರಗಿನಲ್ಲಿ ಆ ನಾಲ್ಕು ತಿಂಗಳೇ ಹಿರಿಯರು ಮೂಲೆ ಹಿಡಿಯುವ ಕಾಲ. ಮೊದಲು ಒಂದು ಮಾರು ದೂರ ಸಾಕು. ಕೈ ಪಳಗಿದಂತೆ ಎರಡು ಮಾರಿನವರೆಗೆ ಹಿಂದೆ ಸರಿಯಬಹುದು.

ಎಸೆಯುವ ಬಗೆಯಲ್ಲೇ ಚಿಕಿತ್ಸೆ ಇರುವುದು. ಮೊದಲನೆಯದು ಕೆಳಗಿನಿಂದ ಎಸೆತ. ಒಂದು ಪಾದ ಮುಂದಿಟ್ಟು, ಎಸೆಯದ ಕೈಯನ್ನು ಕುರ್ಚಿಯ ಬೆನ್ನಿನ ಮೇಲೂರಿ, ನೋವಿರುವ ತೋಳನ್ನು ಬಾವಿಯ ಹಗ್ಗದಂತೆ ಇಳಿಬಿಡಬೇಕು. ಸಿಂಬಿಯ ಭಾರಕ್ಕೆ ತೋಳು ತಾನೇ ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಮುಂದೆ ಬಂದಾಗ ಬಿಟ್ಟರಾಯಿತು. ಎತ್ತುವ ಯತ್ನವಿಲ್ಲದೆ ಕೀಲು ಚಲಿಸುವುದರಿಂದ ನೋವು ಅಷ್ಟಾಗಿ ಕೆರಳದು. ಮೂರು ನಾಲ್ಕು ವಾರಗಳ ನಂತರ, ನೋವು ಇಳಿದಿದ್ದರೆ ಮಾತ್ರ, ಎರಡನೆಯ ಬಗೆ. ಮೊಣಕೈಯನ್ನು ಪಕ್ಕೆಗೆ ಹಚ್ಚಿಟ್ಟು, ಸಿಂಬಿಯನ್ನು ಹೊಟ್ಟೆಯ ಬಳಿ ಹಿಡಿದು, ಬಾಗಿಲು ತೆರೆಯುವಂತೆ ಮುಂಗೈಯನ್ನು ಹೊರಕ್ಕೆ ಬೀಸುವುದು. ಟೆನಿಕಾಯ್ಟ್ ಆಡುವವರು ಹೀಗೇ ಎಸೆಯುತ್ತಾರೆ. ಹಿಡಿದ ಹೆಗಲಿನಲ್ಲಿ ಎಲ್ಲಕ್ಕಿಂತ ಮೊದಲು ಕಳೆದುಹೋಗುವುದು, ಎಲ್ಲಕ್ಕಿಂತ ಕಡೆಗೆ ಮರಳುವುದು ತೋಳಿನ ಈ ಹೊರತಿರುವು. ಅಂಗೈಯನ್ನು ಮೇಲ್ಮುಖವಾಗಿಸಿ ಎದೆಯ ಮುಂದೆ ಎತ್ತಿ ಹಿಡಿಯಬೇಕಾದರೆ ಅದು ಬೇಕೇ ಬೇಕು. ತಲೆಯ ಮೇಲಿನಿಂದ ಎಸೆಯುವುದು, ಜಗ್ಗಿ ಎಸೆಯುವುದು ಎರಡೂ ಕೂಡದು. ನೋವಿಲ್ಲದ ಕೈಯಿಂದಲೂ ಅಷ್ಟೇ ಸಲ ಎಸೆಯಿರಿ. ಐದು ಸಿಂಬಿಗಳ ನಾಲ್ಕು ಸುತ್ತು, ದಿನಕ್ಕೆ ಎರಡು ಹೊತ್ತು. ಆಟಕ್ಕೆ ಮುನ್ನ ಎಳ್ಳೆಣ್ಣೆ ಬೆಚ್ಚಗೆ ಮಾಡಿ ಹೆಗಲಿಗೆ ಹಚ್ಚಿ ಶಾಖ ಕೊಟ್ಟರೆ ಒಳ್ಳೆಯದು. ಊಟವಾದೊಡನೆ ಬೇಡ.

ನಮ್ಮಿಂದ ಒಂದು ತಪ್ಪಾಯಿತು. ಅದನ್ನು ಹೇಳದೆ ಈ ಬರಹ ಪೂರ್ಣವಾಗದು. ರಕ್ತದೊತ್ತಡಕ್ಕೆ ಮಾತ್ರೆ ಸೇವಿಸುತ್ತಿದ್ದ, ಎಪ್ಪತ್ತು ದಾಟಿದ ತಾಯಿಯೊಬ್ಬರಿಗೆ ಇದೇ ಆಟವನ್ನು ಹೇಳಿದೆವು. ಎಸೆಯುವುದನ್ನು ಅಕ್ಕರೆಯಿಂದ ಕಲಿಸಿದೆವು. ಬಿದ್ದ ಸಿಂಬಿಯನ್ನು ಎತ್ತುವವರು ಯಾರೆಂಬುದನ್ನು ಯೋಚಿಸಲಿಲ್ಲ. ಆರನೆಯ ದಿನವೋ ಏಳನೆಯ ದಿನವೋ, ಅವರು ಬಗ್ಗಿ ಸಿಂಬಿಗಳನ್ನು ಆಯ್ದು ಥಟ್ಟನೆ ಎದ್ದಾಗ ತಲೆ ತಿರುಗಿ ಬಿದ್ದು ಮಣಿಕಟ್ಟಿನ ಮೂಳೆ ಮುರಿಯಿತು. ಆರು ವಾರ ಕಟ್ಟಿನಲ್ಲಿದ್ದರು. ಆ ತಾಯಿ ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅವರ ಸೊಸೆ ಅಂದರು, ಅದು ನ್ಯಾಯವಾಗಿಯೇ ಇತ್ತು. ಅಂದಿನಿಂದ ಎಸೆದವರು ಎತ್ತಬಾರದೆಂಬುದು ನಮ್ಮ ಮೊದಲ ನಿಯಮ. ಮೊಮ್ಮಕ್ಕಳು ಎತ್ತಿಕೊಡಲಿ, ಇಲ್ಲವೇ ತುದಿಯಲ್ಲಿ ಕೊಕ್ಕೆಯಿರುವ ಕೋಲಿನಿಂದ ನಿಂತಲ್ಲೇ ಎಳೆದುಕೊಳ್ಳಲಿ. ತಲೆಸುತ್ತು ಬರುವವರು ಕುರ್ಚಿಯಲ್ಲಿ ಕುಳಿತೇ ಆಡಲಿ. ಹೆಗಲಿಗೆ ಸಿಗಬೇಕಾದ ಪ್ರಯೋಜನದಲ್ಲಿ ಹೆಚ್ಚಿನ ಕೊರತೆಯಾಗದು.

ಇನ್ನೊಂದು ಎಚ್ಚರ ಇದಕ್ಕಿಂತ ದೊಡ್ಡದು. ಎಡ ತೋಳಿನ ನೋವೆಲ್ಲ ಹೆಗಲಿನದಲ್ಲ. ನಡೆದಾಗ ಹೆಚ್ಚಾಗುವ, ಎದೆಯ ಒತ್ತಡ, ಬೆವರು, ಉಸಿರುಗಟ್ಟುವಿಕೆಗಳೊಂದಿಗೆ ಬರುವ ತೋಳುನೋವು ಹೃದಯದ್ದಿರಬಹುದು. ಮಧುಮೇಹಿಗಳಲ್ಲಿ ಎದೆನೋವೇ ಇಲ್ಲದೆ ಬರಿಯ ಸುಸ್ತಾಗಿಯೂ ಅದು ಬರುವುದುಂಟು. ಅಂಥ ಹೊತ್ತಿನಲ್ಲಿ ತೈಲವೂ ಬೇಡ, ಆಟವೂ ಬೇಡ, ನಮ್ಮ ಬಳಿಗೆ ಬರುವುದೂ ಬೇಡ. ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ತೋಳು ಏಕಾಏಕಿ ಬಲಗುಂದಿ, ಮಾತು ತೊದಲಿದರೂ ಹಾಗೆಯೇ. ಬಿದ್ದ ಮೇಲೆ ಹೆಗಲು ಹಿಡಿದಿದ್ದರೆ ಮೊದಲು ಎಕ್ಸರೇ ಆಗಲಿ. ಕಣ್ಣಿನ ಪೊರೆ ತೆಗೆಸಿಕೊಂಡವರು ಕಣ್ಣಿನ ವೈದ್ಯರನ್ನು ಕೇಳಿಯೇ ಆಡಬೇಕು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಸಿಂಬಿಯಿಂದ ಪವಾಡ ನಡೆಯದು. ಆ ಚಿಕಿತ್ಸೆಯನ್ನು ನಿಲ್ಲಿಸಬಾರದು.

ನೋವಿಗಿಂತಲೂ ದೊಡ್ಡ ಅಡ್ಡಿ ನಾಚಿಕೆ ಎಂಬುದು ನಾವು ಕಂಡ ಸಂಗತಿ. ಗಂಡಸರು "ಈ ವಯಸ್ಸಲ್ಲಿ ಮಕ್ಕಳಾಟವೇ" ಎನ್ನುತ್ತಾರೆ. ಹೆಂಗಸರು ಅಷ್ಟನ್ನೂ ಹೇಳುವುದಿಲ್ಲ, ಬಾಗಿಲು ಮುಚ್ಚಿಕೊಂಡು ಆಡುತ್ತಾರೆ. ಆದ್ದರಿಂದಲೇ ಅವರಲ್ಲಿ ಗುಣ ಬೇಗ ಕಾಣುತ್ತದೆಯೇನೋ. ಶ್ರೀಮಠದ ಅಂಗಳದ ಒಂದು ಬದಿಯಲ್ಲಿ ಎರಡು ಗೂಟಗಳು ಎದ್ದರೆ, ದರ್ಶನಕ್ಕೆ ಬಂದ ಹಿರಿಯರು ಪ್ರಸಾದಕ್ಕೆ ಮೊದಲು ನಾಲ್ಕು ಸಿಂಬಿ ಎಸೆಯುವುದಾದರೆ, ಆ ನಾಚಿಕೆ ಬೇಗ ಬಿಟ್ಟೀತು ಎಂದು ಪೂಜ್ಯರಲ್ಲಿ ಬಿನ್ನವಿಸಿಕೊಂಡಿದ್ದೇವೆ.

ಸೊರಬದ ಆ ಹಿರಿಯರು ಮೊದಲ ತಿಂಗಳು ಬರಿಯ ತೈಲವನ್ನಷ್ಟೇ ಬಳಸಿದರಂತೆ. ಆಟ ಶುರುವಾದದ್ದು ದಸರೆಯ ರಜೆಗೆ ಮೊಮ್ಮಗ ಬಂದ ಮೇಲೆ. ಅವನು ಲೆಕ್ಕ ಇಡಲು ಗೋಡೆಯ ಮೇಲೆ ಇದ್ದಿಲಿನಿಂದ ಗೆರೆ ಎಳೆಯುತ್ತಿದ್ದ, ಅಜ್ಜ ಸೋಲುತ್ತಿದ್ದರು. ರಜೆ ಮುಗಿದ ಮೇಲೆ ಗೆಲ್ಲುವ ಹಟಕ್ಕೆ ಅವರೊಬ್ಬರೇ ಅಭ್ಯಾಸ ಮಾಡಿದರು. ಗುಣವಾದದ್ದೆಲ್ಲ ಆಟದಿಂದಲೇ ಎಂದು ನಾವು ಹೇಳಲಾರೆವು. ಈ ಕಾಯಿಲೆ ಕಾಲಕಳೆದಂತೆ ತಾನಾಗಿಯೂ ಸಡಿಲಗೊಳ್ಳುತ್ತದೆ, ನಸ್ಯವೂ ತೈಲವೂ ತಮ್ಮ ಪಾಲಿನ ಕೆಲಸ ಮಾಡಿರುತ್ತವೆ. ಕಳೆದ ತಿಂಗಳು ಬಂದಾಗ ಅವರು ನಮ್ಮೆದುರು ಕುಳಿತು ಎಡ ಅಂಗೈಯನ್ನು ನಿಧಾನವಾಗಿ ಎತ್ತಿ ತೋರಿಸಿದರು. ಎದೆಯನ್ನು ದಾಟಿ ಗಲ್ಲದ ಮಟ್ಟಕ್ಕೆ ಬಂದು ನಿಂತಿತು. ಕಣ್ಣಿನ ನೇರಕ್ಕೆ ಇನ್ನೂ ನಾಲ್ಕು ಬೆರಳು ಬಾಕಿ ಇದೆ.