ಶಿಲೆಯಲ್ಲಿ ಉಳಿದ ‘ಅಂತಿಯೋಕ’

ಕುಕ್ಕುಂದೂರಿನ ಶಾಲಾ ಮಕ್ಕಳಿಗೆ ಶಾಸನವೆಂಬುದು ಅಪರಿಚಿತ ವಸ್ತುವಲ್ಲ. ಪಕ್ಕದ ಕಾರ್ಕಳಕ್ಕೆ ಹೋದರೆ ಬೆಟ್ಟದ ಮೇಲೆ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ ಗೊಮ್ಮಟ, ಎದುರಿನ ದಿಣ್ಣೆಯ ಮೇಲೆ 1586ರ ಚತುರ್ಮುಖ ಬಸದಿ. ಬಸದಿಯ ಶಾಸನವು ಅದನ್ನು ಕಟ್ಟಿಸಿದ ಇಮ್ಮಡಿ ಭೈರರಸನನ್ನು ಹಿಂದಿನ ಅರಸನ ಮಗನೆಂದು ಪರಿಚಯಿಸುವುದಿಲ್ಲ. ಅರಸನ ಸೋದರಿ ಗುಮ್ಮಟಾಂಬೆಯ ಮಗನೆಂದು ಪರಿಚಯಿಸುತ್ತದೆ. ತುಳುನಾಡಿನ ಅಳಿಯಕಟ್ಟು ಎಲ್ಲರಿಗೂ ತಿಳಿದದ್ದೇ.

‘ಅರಸನ ನಂತರ ಯಾರು?’ ಎಂಬ ಪ್ರಶ್ನೆಗೆ ಪ್ರತಿಯೊಂದು ನಾಡೂ ತನ್ನದೇ ಉತ್ತರ ಕಂಡುಕೊಂಡಿದೆ. ಆ ಉತ್ತರ ಗೊಂದಲಕ್ಕೆ ಬಿದ್ದ ಮನೆಯಲ್ಲಿ ಏನಾಗುತ್ತದೆ? ಅದನ್ನು ತಿಳಿಯಲು 2200 ವರ್ಷಗಳಿಗೂ ಹಿಂದಿನ ಒಬ್ಬ ಗ್ರೀಕ್ ದೊರೆಯ ಕತೆ ನೋಡಬೇಕು. ಅವನ ಹೆಸರು ನಮ್ಮ ಗಡಿಯಾಚೆಯ ಬಂಡೆಯೊಂದರ ಮೇಲೆಯೇ ಇದೆ.

ಎರ್ರಗುಡಿಯ ಬಂಡೆ

ಬಳ್ಳಾರಿಯಿಂದ ಪೂರ್ವಕ್ಕೆ, ಆಂಧ್ರದ ಗುತ್ತಿ ಪಟ್ಟಣದ ಸಮೀಪ ಎರ್ರಗುಡಿ ಎಂಬ ಊರಿದೆ. ಅಲ್ಲಿನ ಗುಡ್ಡದ ಬಂಡೆಗಳ ಮೇಲೆ ಅಶೋಕನ ಹದಿನಾಲ್ಕು ಮಹಾಶಾಸನಗಳು ಕೊರೆಯಲ್ಪಟ್ಟಿವೆ. ಎರಡನೆಯ ಶಾಸನದಲ್ಲಿ ಅಶೋಕ, ತನ್ನ ರಾಜ್ಯದಲ್ಲೂ ನೆರೆಯ ಚೋಳ, ಪಾಂಡ್ಯರ ನಾಡುಗಳಲ್ಲೂ ಯವನರಾಜ ‘ಅಂತಿಯೋಕ’ನ ನಾಡಿನಲ್ಲೂ ಮನುಷ್ಯರಿಗೆ ಮತ್ತು ಪಶುಗಳಿಗೆ ಚಿಕಿತ್ಸೆಯ ಏರ್ಪಾಡು ಮಾಡಿರುವುದಾಗಿ ಹೇಳುತ್ತಾನೆ. ಹದಿಮೂರನೆಯ ಶಾಸನ ಕಳಿಂಗ ಯುದ್ಧದ ಪಶ್ಚಾತ್ತಾಪದ್ದು. ಆರು ನೂರು ಯೋಜನ ದೂರದ ಅಂತಿಯೋಕನವರೆಗೆ, ಅವನಿಂದಾಚೆಯ ತುರಮಾಯ, ಅಂತಿಕಿನಿ, ಮಕ, ಅಲಿಕಸುದರ ಎಂಬ ನಾಲ್ವರು ಅರಸರವರೆಗೆ ತನ್ನ ಧರ್ಮವಿಜಯ ತಲುಪಿದೆ ಎಂಬುದು ಅದರ ಮಾತು.

ಈ ಅಂತಿಯೋಕನೇ ಸೆಲ್ಯೂಸಿಡ್ ವಂಶದ ಇಮ್ಮಡಿ ಆಂಟಿಯೋಕಸ್. 1838ರಲ್ಲಿ ಜೇಮ್ಸ್ ಪ್ರಿನ್ಸೆಪ್ ಗಿರ್ನಾರದ ಶಾಸನದಲ್ಲಿ ಈ ಗ್ರೀಕ್ ಹೆಸರುಗಳನ್ನು ಗುರುತಿಸಿದ ಮೇಲೆ ಅಶೋಕನ ಕಾಲವನ್ನು ಖಚಿತಪಡಿಸಲು ಇತಿಹಾಸಕಾರರಿಗೆ ಭದ್ರವಾದ ಆಧಾರ ಸಿಕ್ಕಿತು. ಈ ಅರಸರೆಲ್ಲ ಒಟ್ಟಿಗೆ ಬದುಕಿದ್ದ ಕೆಲವೇ ವರ್ಷಗಳಲ್ಲಿ, ಎಂದರೆ ಕ್ರಿ.ಪೂ. 256ರ ಆಸುಪಾಸಿನಲ್ಲಿ, ಈ ಶಾಸನ ಹುಟ್ಟಿರಬೇಕು.

ಎಲ್ಲರೂ ನೆಂಟರೇ

ಆಂಟಿಯೋಕಸನ ಅಜ್ಜ ಒಂದನೆಯ ಸೆಲ್ಯೂಕಸ್ ಅಲೆಗ್ಸಾಂಡರನ ದಂಡನಾಯಕರಲ್ಲೊಬ್ಬ. ಚಂದ್ರಗುಪ್ತ ಮೌರ್ಯನೊಂದಿಗೆ ಒಪ್ಪಂದ ಮಾಡಿಕೊಂಡು, ಸಿಂಧೂ ಕಡೆಯ ಪ್ರಾಂತ್ಯಗಳನ್ನು ಬಿಟ್ಟುಕೊಟ್ಟು 500 ಆನೆಗಳನ್ನು ಪಡೆದವನು ಇವನೇ. ತಂದೆ ಒಂದನೆಯ ಆಂಟಿಯೋಕಸನಿಗೂ ಮೌರ್ಯರೊಡನೆ ಸ್ನೇಹವಿತ್ತು. ಬಿಂದುಸಾರ ಅವನಿಂದ ಸಿಹಿ ಮದ್ಯ, ಒಣ ಅಂಜೂರ ಮತ್ತು ಒಬ್ಬ ತತ್ತ್ವಜ್ಞಾನಿಯನ್ನು ಕೊಂಡು ತರಿಸಲು ಬಯಸಿದನಂತೆ. ಮೊದಲೆರಡನ್ನು ಕಳುಹಿಸುತ್ತೇನೆ, ಗ್ರೀಕರಲ್ಲಿ ಪಂಡಿತರನ್ನು ಮಾರುವ ಪದ್ಧತಿಯಿಲ್ಲ ಎಂದು ಆಂಟಿಯೋಕಸ್ ಉತ್ತರಿಸಿದನೆಂಬ ಕತೆಯುಂಟು.

ಆದರೆ ಅರಮನೆಯ ಒಳಗಿನ ಸ್ಥಿತಿ ಬೇರೆ. ಸೆಲ್ಯೂಕಸ್ ತನ್ನ ಕಿರಿಯ ಪತ್ನಿ ಸ್ಟ್ರಾಟೊನಿಕೆಯನ್ನು ಸ್ವಂತ ಮಗನಿಗೇ ಮದುವೆ ಮಾಡಿಕೊಟ್ಟಿದ್ದ. ಅವರಿಬ್ಬರ ಹಿರಿಯ ಮಗನ ಮೇಲೆ ರಾಜದ್ರೋಹದ ಗುಮಾನಿ ಬಂದಾಗ ತಂದೆಯೇ ಅವನಿಗೆ ಮರಣದಂಡನೆ ವಿಧಿಸಿದ. ಹೀಗೆ ಕ್ರಿ.ಪೂ. 261ರಲ್ಲಿ, ಸುಮಾರು ಇಪ್ಪತ್ತೈದರ ಹರೆಯದಲ್ಲಿ, ಕಿರಿಯ ಮಗ ಇಮ್ಮಡಿ ಆಂಟಿಯೋಕಸನಿಗೆ ಪಟ್ಟವಾಯಿತು.

ಶಾಸನದ ಉಳಿದ ಅರಸರನ್ನು ಈಗ ನೋಡಿ. ಅಂತಿಕಿನಿ ಎಂದರೆ ಮ್ಯಾಸಿಡೋನಿಯದ ಆಂಟಿಗೊನಸ್. ಸ್ಟ್ರಾಟೊನಿಕೆಯ ಅಣ್ಣತಮ್ಮಂದಿರಲ್ಲೊಬ್ಬ, ಆಂಟಿಯೋಕಸನಿಗೆ ಸೋದರಮಾವ. ಮಕ ಎಂದರೆ ಸಿರೀನಿನ ಮಗಾಸ್. ಆಂಟಿಯೋಕಸನ ಸೋದರಿ ಅಪಾಮೆಯ ಗಂಡ, ಅಲ್ಲಿಗೆ ಭಾವ. ತುರಮಾಯನು ಈಜಿಪ್ಟಿನ ಎರಡನೆಯ ಟಾಲೆಮಿ; ಮಗಾಸನಿಗೆ ತಾಯಿಯ ಕಡೆಯಿಂದ ತಮ್ಮ, ಮುಂದೆ ಆಂಟಿಯೋಕಸನಿಗೆ ಹೆಣ್ಣು ಕೊಟ್ಟ ಮಾವ. ಅಲಿಕಸುದರನು ಎಪಿರಸ್‌ನವನೋ ಕೊರಿಂತ್‌ನವನೋ ಎಂಬುದರಲ್ಲಿ ಮಾತ್ರ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಇಷ್ಟೆಲ್ಲ ನೆಂಟಸ್ತಿಕೆ ಇದ್ದೂ ಅವರು ಒಬ್ಬರ ಮೇಲೊಬ್ಬರು ದಂಡೆತ್ತುವುದನ್ನು ಬಿಡಲಿಲ್ಲ.

ಇಬ್ಬರು ರಾಣಿಯರು

ಆಂಟಿಯೋಕಸನು ಮಿಲೇಟಸ್ ನಗರವನ್ನು ಟಿಮಾರ್ಕಸ್ ಎಂಬ ನಿರಂಕುಶ ಪ್ರಭುವಿನಿಂದ ಬಿಡಿಸಿದಾಗ ಅಲ್ಲಿನ ಜನ ಅವನನ್ನು ‘ಥಿಯೋಸ್’, ಅಂದರೆ ದೇವರು, ಎಂದೇ ಕರೆದರು. ಈ ‘ದೇವರ’ ಮನೆಯಲ್ಲಿ ಪತ್ನಿ ಲವೋಡಿಕೆ, ಇಬ್ಬರು ಗಂಡುಮಕ್ಕಳು, ಹೆಣ್ಣುಮಕ್ಕಳು ಇದ್ದರು. ಆದರೆ ಟಾಲೆಮಿಯೊಂದಿಗಿನ ಯುದ್ಧ ಮುಗಿಸಲು ಕ್ರಿ.ಪೂ. 252ರಲ್ಲಿ ಅವನು ಟಾಲೆಮಿಯ ಮಗಳು ಬೆರೆನಿಕೆಯ ಕೈಹಿಡಿದ. ತಂದೆ ಅವಳನ್ನು ಗಡಿಯ ಪೆಲೂಸಿಯಮ್‌ವರೆಗೆ ಬಂದು ಬೀಳ್ಕೊಟ್ಟ. ಅವಳು ತಂದ ಸಂಪತ್ತನ್ನು ಕಂಡು ಜನ ಅವಳಿಗೆ ‘ಬಳುವಳಿ ತಂದವಳು’ ಎಂಬ ಹೆಸರನ್ನೇ ಇಟ್ಟರು. ಲವೋಡಿಕೆ ದೂರ ಸರಿಯಬೇಕಾಯಿತು.

ಇದಕ್ಕೆ ಸ್ವಲ್ಪ ಮೊದಲು, ಕ್ರಿ.ಪೂ. 254-53ರಲ್ಲಿ, ಆಂಟಿಯೋಕಸ್ ಲವೋಡಿಕೆಗೆ ಭೂಮಿಯೊಂದನ್ನು 30 ಟಾಲೆಂಟ್ ಬೆಳ್ಳಿಗೆ ಮಾರಿದ. ಇಂದಿನ ಲೆಕ್ಕದಲ್ಲಿ ಅದು ಸುಮಾರು 780 ಕಿಲೋ ಬೆಳ್ಳಿ. ಇಬ್ಬರೂ ಬೇರ್ಪಡುವ ಕಾಲದ ಏರ್ಪಾಡು ಇದು ಎಂದು ಹಲವು ವಿದ್ವಾಂಸರ ಅಭಿಪ್ರಾಯ. ಕ್ರಯಪತ್ರವನ್ನು ಕಲ್ಲಿನಲ್ಲಿ ಕೊರೆಸಲಾಗಿತ್ತು. ಡಿಡಿಮಾದ ಅಪೊಲೋ ದೇಗುಲದಲ್ಲಿ ಅದು ಸಿಕ್ಕಿದೆ. ಹಳ್ಳಿ, ಕೋಟೆಮನೆ, ಹೊಲಗಳ ಜೊತೆಗೆ ಅಲ್ಲಿನ ಒಕ್ಕಲುಗಳೂ ತಮ್ಮ ಮನೆಮಂದಿ ಸಹಿತ ಮಾರಾಟಕ್ಕೆ ಸೇರಿದ್ದರು ಎಂಬುದು ಅದರಲ್ಲಿದೆ.

ಕ್ರಿ.ಪೂ. 246ರ ಆರಂಭದಲ್ಲಿ ಟಾಲೆಮಿ ತೀರಿಕೊಂಡ. ಮಾವನ ಹಂಗು ತಪ್ಪಿದ ಮೇಲೆ ಆಂಟಿಯೋಕಸ್ ಬೆರೆನಿಕೆಯನ್ನು ಬಿಟ್ಟು ಲವೋಡಿಕೆಯ ಬಳಿ ಹಿಂತಿರುಗಿದ. ಆ ವರ್ಷವೇ ಎಫಿಸಸ್‌ನಲ್ಲಿ ಸತ್ತ. ಅವನ ಮರಣವಾರ್ತೆ ಆಗಸ್ಟ್ ತಿಂಗಳಲ್ಲಿ ಬ್ಯಾಬಿಲೋನನ್ನು ಮುಟ್ಟಿದ್ದು ಅಲ್ಲಿನ ಮಣ್ಣಿನ ಫಲಕದಲ್ಲಿ ದಾಖಲಾಗಿದೆ. ಲವೋಡಿಕೆಯೇ ವಿಷವಿಕ್ಕಿದಳೆಂದು ಪ್ರಾಚೀನ ಲೇಖಕರು ಬರೆದರು. ಆದರೆ ಹಾಗೆ ಬರೆದವರೆಲ್ಲ ಬಹುಕಾಲದ ನಂತರದವರು. ಲವೋಡಿಕೆಯ ಮಗ ಇಮ್ಮಡಿ ಸೆಲ್ಯೂಕಸ್ ಪಟ್ಟವೇರಿದ. ಬೆರೆನಿಕೆಯನ್ನೂ ಅವಳ ಎಳೆಯ ಮಗನನ್ನೂ ಕೊಲ್ಲಲಾಯಿತು. ತಂಗಿಯ ನೆರವಿಗೆ ಸೈನ್ಯದೊಡನೆ ಹೊರಟ ಮೂರನೆಯ ಟಾಲೆಮಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಸೇಡಿನ ಯುದ್ಧ ಐದು ವರ್ಷ ನಡೆಯಿತು. ಅದು ಮುಗಿಯುವ ಹೊತ್ತಿಗೆ ಲವೋಡಿಕೆಯ ಮಕ್ಕಳೇ ಪರಸ್ಪರ ಕಾದಾಟಕ್ಕೆ ನಿಂತರು. ಪೂರ್ವದ ಬ್ಯಾಕ್ಟ್ರಿಯ ಈ ಗೊಂದಲದ ದಶಕಗಳಲ್ಲೇ ಸ್ವತಂತ್ರವಾಯಿತು.

ಎರಡು ಕಲ್ಲುಗಳು

ಅಶೋಕನ ಮನೆಯೇನೂ ಕಳಂಕವಿಲ್ಲದ್ದಲ್ಲ. ಪಟ್ಟಕ್ಕಾಗಿ ಅವನು ಸೋದರರನ್ನು ಕೊಂದನೆಂದು ಬೌದ್ಧ ಗ್ರಂಥಗಳೇ ಹೇಳುತ್ತವೆ. ಅವನು ಸತ್ತು ಐವತ್ತು ವರ್ಷ ಕಳೆಯುವುದರೊಳಗೆ ಮೌರ್ಯ ಸಾಮ್ರಾಜ್ಯವೂ ಮುಗಿಯಿತು. ಅಳಿಯಕಟ್ಟಿನ ಅರಸುಮನೆತನಗಳೂ ಇಂದು ಆಳುತ್ತಿಲ್ಲ. ಯಾವ ಕಟ್ಟಳೆಯೂ ರಾಜ್ಯವನ್ನು ಶಾಶ್ವತವಾಗಿ ಉಳಿಸಿಲ್ಲ.

ಆದರೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಇಬ್ಬರು ದೊರೆಗಳು ಕಲ್ಲಿನಲ್ಲಿ ಬರೆಸಿದ್ದನ್ನು ಹೋಲಿಸಿ ನೋಡಬಹುದು. ಒಂದು ಕಲ್ಲಿನಲ್ಲಿ ಒಕ್ಕಲುಗಳ ಸಮೇತ ಭೂಮಿಯ ಮಾರಾಟವಿದೆ. ಇನ್ನೊಂದರಲ್ಲಿ ಮನುಷ್ಯರಿಗೂ ದನಕರುಗಳಿಗೂ ಔಷಧದ ಗಿಡ, ದಾರಿಹೋಕರಿಗೆ ಮರ ಮತ್ತು ಬಾವಿ. ಮಕ್ಕಳು, ಮೊಮ್ಮಕ್ಕಳು ಹೊಸ ದಂಡಯಾತ್ರೆಯನ್ನು ಬಯಸದಿರಲಿ ಎಂಬ ತಂದೆಯೊಬ್ಬನ ಬುದ್ಧಿಮಾತು. ಆ ಮಾತನ್ನು ಕೊರೆದ ಶಾಸನದಲ್ಲಿಯೇ ಅಂತಿಯೋಕನ ಹೆಸರೂ ಇದೆ. ಪಠ್ಯಪುಸ್ತಕದಲ್ಲಿ ಅಶೋಕನ ಪಾಠ ಬಂದಾಗ ಮಕ್ಕಳು ಈ ಹೆಸರನ್ನು ಒಮ್ಮೆ ಹುಡುಕಲಿ. ಹಿರಿಯರು ಅದರ ಹಿಂದಿನ ಮನೆಯ ಕತೆಯನ್ನು ಅವರಿಗೆ ಹೇಳಲಿ.