ಅಡಿಕೆ ಸೀಮೆಯ ಪ್ರಯೋಗಕಲೆ ಮತ್ತು ಉದ್ಘಾಟನೆಯ ದಿನ

ಚಿತ್ರದ ಚೌಕಟ್ಟನ್ನೂ ಶಿಲ್ಪದ ಪೀಠವನ್ನೂ ಬಿಟ್ಟು, ಇಡೀ ಕೋಣೆಯನ್ನೇ ವಸ್ತುಗಳಿಂದ ಹೆಣೆದು, ನೋಡುಗರು ಅದರ ನಡುವೆ ನಡೆದಾಡುವಂತೆ ಕಟ್ಟುವ ಕೃತಿಯನ್ನು ಪ್ರತಿಷ್ಠಾಪನಾ ಕಲೆ ಎನ್ನುತ್ತಾರೆ. ಇಂಥ ಕೃತಿಯನ್ನು ಗ್ಯಾಲರಿಯ ಉದ್ಘಾಟನೆಗೆ ಅಣಿಗೊಳಿಸುವ ಕಲಾವಿದರ ಕಷ್ಟವನ್ನು ಸ್ಫೂರ್ತಿಯ ಕೊರತೆ, ಹಣದ ಕೊರತೆ ಎಂದು ವಿವರಿಸುವುದೇ ರೂಢಿ. ಹಣದ ಮಾತು ನಿಜವೇ ಆದರೂ, ಪುತ್ತೂರು, ಸುಳ್ಯ, ಕಡಬದಂಥ ಅಡಿಕೆ ಸೀಮೆಯಲ್ಲಿ ನಿಂತು ನೋಡಿದರೆ ದೊಡ್ಡ ತೊಡಕು ಇರುವುದು ವಸ್ತುವಿನ ಸ್ವಭಾವದಲ್ಲಿ. ಆಮಂತ್ರಣ ಪತ್ರಿಕೆಯಲ್ಲಿ ಅಚ್ಚಾದ ದಿನಾಂಕ ಸಾಮಾನ್ಯವಾಗಿ ಕದಲುವುದಿಲ್ಲ, ಕೃತಿಗೆ ಬಳಸಿದ ವಸ್ತುವಾದರೋ ಅಲ್ಲಿಯವರೆಗೆ ಸುಮ್ಮನಿರುವುದಿಲ್ಲ.

ಅಡಿಕೆಯ ಹಾಳೆಯನ್ನೇ ತೆಗೆದುಕೊಳ್ಳಬಹುದು. ಸೋಗೆಯ ಬುಡದಲ್ಲಿ ಮರವನ್ನು ಅಪ್ಪಿಕೊಂಡಿರುವ, ತೊಗಲಿನಂಥ ಈ ಭಾಗ ಕಳಚಿ ಬೀಳುವುದು ಹೆಚ್ಚಾಗಿ ಬೇಸಿಗೆಯಲ್ಲಿ. ಮುಟ್ಟಾಳೆ ಎಂಬ ಟೋಪಿಗೂ ಊಟದ ತಟ್ಟೆಗೂ ಒದಗುವ ಅದು ನೀರಿನಲ್ಲಿ ನೆನೆದಾಗ ಹೇಳಿದಂತೆ ಬಾಗುತ್ತದೆ, ಒಣಗುವಾಗ ತನ್ನಿಷ್ಟದಂತೆ ಸುರುಟಿಕೊಳ್ಳುತ್ತದೆ. ವರ್ಷದ ಕೊನೆಯ ಪ್ರದರ್ಶನಕ್ಕೆಂದು ಮಾರ್ಚ್, ಏಪ್ರಿಲ್‌ನಲ್ಲಿ ಹೆಕ್ಕಿಟ್ಟ ಹಾಳೆ ನಡುವಿನ ಮಳೆಗಾಲವನ್ನು ದಾಟಲೇಬೇಕು. ಘಟ್ಟದ ಬುಡದ ಈ ತಾಲ್ಲೂಕುಗಳಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವುದರಿಂದ ಅಟ್ಟಕ್ಕೇರಿಸಿದರೂ ಅದಕ್ಕೆ ಬೂಷ್ಟು ಹಿಡಿಯುತ್ತದೆ. ತಡೆಯುವ ಒಂದು ಉಪಾಯ ತೋಟದ ಮನೆಯಲ್ಲೇ ಇದೆ. ಕೊಳೆರೋಗಕ್ಕೆ ಮದ್ದು ಬಿಡಲು, ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು ಮತ್ತು 1 ಕಿಲೋ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗಳಿಗೆ ಸಿಂಪಡಿಸಲು, ತಂದಿಟ್ಟ ಮೈಲುತುತ್ತೇ ಆ ಉಪಾಯ; ಪುಸ್ತಕ ಕಟ್ಟುವವರ ಮೈದಾ ಅಂಟಿಗೂ ಹುಳ ಬಾರದಿರಲೆಂದು ಅದು ಚಿಟಿಕೆಯಷ್ಟು ಬೀಳುವುದುಂಟು. ಆದರೆ ತಾಮ್ರದ ಈ ಲವಣ ತನ್ನ ನೀಲಿ ಹಸಿರು ಛಾಯೆಯನ್ನು ಹಿಂದೆ ಬಿಟ್ಟೇ ಹೋಗುತ್ತದೆ. ಹಾಳೆಯ ಕಂದು ಬಣ್ಣವನ್ನೇ ನೆಚ್ಚಿ ಹೊರಟವರು ಒಂದೋ ಆ ಛಾಯೆಯನ್ನು ಕೃತಿಯೊಳಕ್ಕೆ ಸೇರಿಸಿಕೊಳ್ಳಬೇಕು, ಇಲ್ಲವೇ ಮುಂದಿನ ಬೇಸಿಗೆಗೆ ಕಾಯಬೇಕು.

ಕಾಯುವಿಕೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಕರ್ನಾಟಕದಲ್ಲಿ ಶೀಲಾ ಗೌಡರಿಗಿಂತ ಒಳ್ಳೆಯ ನಿದರ್ಶನ ಸಿಗಲಾರದು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ನೆಲೆಸಿದ ಅವರು ಚಿತ್ರಕಲೆಯಲ್ಲಿ ತರಬೇತಿ ಪಡೆದವರಾಗಿದ್ದೂ 1990ರ ದಶಕದ ಆರಂಭದಲ್ಲಿ, ಕೋಮುಗಲಭೆಗಳ ಹಿನ್ನೆಲೆಯಲ್ಲಿ, ಸೆಗಣಿಯನ್ನು ಮಾಧ್ಯಮವಾಗಿ ಹಿಡಿದರು. ಮುಂದೆ 1998ರ ಕೃತಿಯೊಂದರಲ್ಲಿ ನೂರು ಮೀಟರಿನಷ್ಟು ಉದ್ದದ ನೂಲೆಳೆಗಳನ್ನು ಒಂದೊಂದಾಗಿ ಸೂಜಿಯ ಕಣ್ಣಿನಿಂದ ಎಳೆದು, ಕುಂಕುಮ ಮತ್ತು ಅಂಟು ಬಳಿದು ಹಗ್ಗವಾಗಿಸಿದರು, ಸೂಜಿಗಳು ಹಗ್ಗದ ತುದಿಯಲ್ಲಿ ಗೊಂಚಲಾಗಿ ಉಳಿದವು. 2009ರ ವೆನಿಸ್ ಬಿಯೆನಾಲೆಗೆ, ಅಂದರೆ ಎರಡು ವರ್ಷಗಳಿಗೊಮ್ಮೆ ನಡೆಯುವ ಅಂತಾರಾಷ್ಟ್ರೀಯ ಕಲಾ ಪ್ರದರ್ಶನಕ್ಕೆ, ಅವರು ಒಯ್ದದ್ದು ಸುಮಾರು 4 ಕಿಲೋಮೀಟರ್ ಉದ್ದದ, ಮನುಷ್ಯರ ಕೂದಲಿನಿಂದ ಹೆಣೆದ ಹಗ್ಗವನ್ನು ಮತ್ತು ಅದು ತೂಗಿ ಹಿಡಿಯುವ ಕಾರಿನ ಬಂಪರುಗಳನ್ನು. ಇಂಥ ಕೃತಿ ಕಾರ್ಯಾಗಾರದಲ್ಲಿ ಪೂರ್ತಿಯಾಗುವುದಿಲ್ಲ. ಹಗ್ಗ ಸಿದ್ಧವಾದರೂ ಅದು ಎಲ್ಲಿ ಇಳಿಯಬೇಕು, ಎಲ್ಲಿ ಸುರುಳಿಯಾಗಬೇಕು ಎಂಬುದನ್ನು ಆಯಾ ಗೋಡೆಯ ಎದುರು ನಿಂತೇ ತೀರ್ಮಾನಿಸಬೇಕು, ಆದ್ದರಿಂದ ಉದ್ಘಾಟನೆಗೆ ಮುಂಚಿನ ಕೊನೆಯ ಕೆಲವು ದಿನಗಳೇ ನಿಜವಾದ ರಚನೆಯ ದಿನಗಳು.

ಮಳೆಗೆ ಜಗ್ಗದ ವಸ್ತುವನ್ನು ಆರಿಸಿಕೊಂಡರೂ ದಿನಾಂಕದ ಕಾಟ ತಪ್ಪದು. ಉಡುಪಿ ಜಿಲ್ಲೆಯ ಕೋಟೇಶ್ವರದ ಶಿಲ್ಪಿ ಎಲ್.ಎನ್. ತಲ್ಲೂರ್ 2012ರ ಮೊದಲ ಕೊಚ್ಚಿ ಬಿಯೆನಾಲೆಯಲ್ಲಿ ಮಂಗಳೂರು ಹಂಚಿನ ಮಾಡನ್ನು ಕಟ್ಟಿ, ಅದರ ಮೇಲೆ ಹಠಯೋಗದ ಭಂಗಿಗಳಲ್ಲಿರುವ ಸುಟ್ಟಮಣ್ಣಿನ ಪುಟ್ಟ ಆಕೃತಿಗಳನ್ನು ಕೂರಿಸಿದರು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹರಡಿದ ಈ ಹಂಚಿಗೆ ಕರಾವಳಿಯ ಮಳೆ ಹೊಸದಲ್ಲ. ಆದರೆ ಆ ಬಿಯೆನಾಲೆ ತೆರೆದ ಡಿಸೆಂಬರ್ 12ರಂದು ಅನೇಕ ಕಲಾವಿದರ ಕೃತಿಗಳು ಇನ್ನೂ ಅರೆಬರೆಯಾಗಿದ್ದವು. 2022ರಲ್ಲಂತೂ ಕದಲದ ದಿನಾಂಕವೇ ಕದಲಿತು: ಸೋರುವ ಕಟ್ಟಡಗಳು, ಕೈಕೊಡುವ ವಿದ್ಯುತ್ತು, ತಡವಾಗಿ ಬಂದ ಸರಕುಗಳ ನಡುವೆ ಉದ್ಘಾಟನೆಯನ್ನು ಕೊನೆಯ ಗಳಿಗೆಯಲ್ಲಿ ಡಿಸೆಂಬರ್ 23ಕ್ಕೆ ಮುಂದೂಡಲಾಯಿತು, ಕಲಾವಿದರು ಬಹಿರಂಗ ಪತ್ರ ಬರೆದು ಅಸಮಾಧಾನವನ್ನು ದಾಖಲಿಸಿದರು.

ಬಾಳಿಕೆಯಿಲ್ಲದ ಕಲೆ ತುಳುನಾಡಿಗೆ ಅಪರಿಚಿತವೇನಲ್ಲ. ಭೂತಕೋಲದಲ್ಲಿ ಉಡುವ ತಿರಿ, ಅಂದರೆ ತೆಂಗಿನ ಎಳೆಗರಿಯ ಅಲಂಕಾರ, ಅಂದೇ ಕೊಯ್ದು ಅಂದೇ ಸೀಳಿದ್ದು. ನಾಗಮಂಡಲದ ಐದು ಬಣ್ಣದ ಹುಡಿಯ ಮಂಡಲ ಬೆಳಗಾಗುವಾಗ ಅಳಿಸಿಹೋಗುತ್ತದೆ. ಅಲ್ಲಿ ಬಾಡುವುದು ಆಚರಣೆಯ ಕ್ರಮದಲ್ಲೇ ಸೇರಿದೆ; ಗ್ಯಾಲರಿಯಾದರೋ ಕೃತಿ ಮೊದಲ ದಿನದ ಮುಖವನ್ನೇ ಹತ್ತು ದಿನ ಉಳಿಸಿಕೊಳ್ಳಲಿ, ಸಾಧ್ಯವಾದರೆ ಬೆಲೆಗೂ ಹೋಗಲಿ ಎಂದು ಬಯಸುತ್ತದೆ.

ಪ್ರದರ್ಶನ ಬೆಂಗಳೂರಿನಲ್ಲಾದರೆ ಶಿರಾಡಿ ಘಾಟಿಯನ್ನೋ ಸಂಪಾಜೆ ಘಾಟಿಯನ್ನೋ ಹತ್ತಬೇಕು, 2018ರ ಆಗಸ್ಟ್‌ನಂತೆ ಗುಡ್ಡ ಕುಸಿದರೆ ರಸ್ತೆಯೇ ಮುಚ್ಚುತ್ತದೆ. ಆದ್ದರಿಂದ ದೊಡ್ಡ ಕೃತಿಯನ್ನು ಬಿಡಿಬಿಡಿಯಾಗಿ ಮಾಡಿ, ಪ್ರತಿ ತುಂಡಿಗೂ ಸಂಖ್ಯೆ ಬರೆದು, ಜೋಡಣೆಯ ಚಿತ್ರ ತೆಗೆದಿಟ್ಟು ಸಾಗಿಸುವುದು ಲೇಸು. ಘಟ್ಟದ ಮೇಲಿನ ಒಣಹವೆಗೆ ಹಾಳೆ ಇನ್ನಷ್ಟು ಕುಗ್ಗಿ ಕಟ್ಟುಗಳನ್ನು ಸಡಿಲಿಸುವುದರಿಂದ ಅದನ್ನು ಮೊದಲೇ ಒಯ್ದು ಅಲ್ಲಿಯ ಗಾಳಿಗೆ ಒಗ್ಗಿಸಬೇಕಾಗುತ್ತದೆ. ಮಂಗಳೂರಿನಲ್ಲಿ ಪ್ರದರ್ಶಿಸಿದರೆ ಈ ತಾಪತ್ರಯಗಳಿಲ್ಲ, ಆದರೆ ಇಂಥ ಕೃತಿಯನ್ನು ಕೊಳ್ಳುವವರು ಹೆಚ್ಚಾಗಿರುವುದು ಬೆಂಗಳೂರಿನಲ್ಲಿ.