ಯಂತ್ರಯುಗದಲ್ಲಿ ಹಾಯಿಯ ಪಾಠ

ವಿಮಾನವಾಹಕ ನೌಕೆ, ಅಣುಶಕ್ತಿಯ ಜಲಾಂತರ್ಗಾಮಿಗಳನ್ನು ಹೊಂದಿರುವ ಭಾರತೀಯ ನೌಕಾಪಡೆ ತನ್ನ ಎಳೆಯ ಅಧಿಕಾರಿಗಳಿಗೆ ಇಂದಿಗೂ ಹಗ್ಗ ಎಳೆಯುವುದನ್ನು, ಹಾಯಿ ಬಿಚ್ಚುವುದನ್ನು ಕಲಿಸುತ್ತದೆ. ಮುಂದೆ ಅವರು ನಡೆಸಲಿರುವ ಯಾವ ಯುದ್ಧನೌಕೆಯಲ್ಲೂ ಹಾಯಿ ಇರುವುದಿಲ್ಲ. ಹಾಗಿದ್ದೂ ಈ ಹಳೆಯ ವಿದ್ಯೆ ಏತಕ್ಕೆ?

ಈ ಕಲಿಕೆಗೆಂದೇ ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ಹಡಗು ಐಎನ್‌ಎಸ್ ತರಂಗಿಣಿ. 1997ರ ನವೆಂಬರ್ 11ರಂದು ಸೇವೆಗೆ ಸೇರಿದ ಇದರ ನೆಲೆ ಕೊಚ್ಚಿ. ಉದ್ದ ಸುಮಾರು 54 ಮೀಟರ್; ಕೂವೆಮರಗಳು ಮೂರು, ಹಾಯಿಗಳು 20. 2003-04ರಲ್ಲಿ ಭೂಪ್ರದಕ್ಷಿಣೆ ಮಾಡಿ, ಆ ಸಾಧನೆಯ ನಮ್ಮ ನೌಕಾಪಡೆಯ ಮೊದಲ ಹಡಗೆನಿಸಿತು. ಇದರ ಜೊತೆಗಾತಿ ಸುದರ್ಶಿನಿ 2012ರಲ್ಲಿ ಬಂದಿತು.

ಹಾಯಿಹಡಗು ಏರಿದವನಿಗೆ ಮೊದಲು ಮನವರಿಕೆಯಾಗುವುದು, ಗಾಳಿಗೆ ಅಪ್ಪಣೆ ಕೊಡಲಾಗದು ಎಂಬ ಸಂಗತಿ. ಹೋಗಬೇಕಾದ ದಿಕ್ಕಿನಿಂದಲೇ ಗಾಳಿ ಬೀಸುತ್ತಿದ್ದರೆ ಹಡಗು ನೇರವಾಗಿ ಸಾಗದು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಓರೆಯಾಗಿ ಹೊರಳುತ್ತಾ ಅಂಕುಡೊಂಕಾಗಿ ಮುಂದುವರಿಯಬೇಕು. ಪ್ರತಿ ಹೊರಳಿಗೂ ಹತ್ತಾರು ಕೈಗಳು ಒಂದೇ ಕ್ಷಣದಲ್ಲಿ ಹಗ್ಗ ಸಡಿಲಿಸಬೇಕು, ಎಳೆಯಬೇಕು. ಪಶ್ಚಿಮ ಕರಾವಳಿಯ ಮೀನುಗಾರರು ಇದನ್ನು ಶಾಲೆಯಿಲ್ಲದೆಯೇ ಬಲ್ಲವರಾಗಿದ್ದರು. ಇರುಳ ಕೊನೆಯಲ್ಲಿ ನೆಲದಿಂದ ಬೀಸುವ ಗಾಳಿಗೆ ಹಾಯಿದೋಣಿ ಬಿಟ್ಟು, ಹಗಲು ಕಡಲಿನಿಂದ ಏಳುವ ಗಾಳಿಗೆ ಮನೆಗೆ ಮರಳುತ್ತಿದ್ದರು.

ದಡ ಕಾಣುವಷ್ಟು ಹತ್ತಿರವಿದ್ದರೆ ಕ್ಷೇಮ ಎಂಬುದು ನೆಲದವರ ನಂಬಿಕೆ. ನಾವಿಕರ ಲೆಕ್ಕ ಇದಕ್ಕೆ ವಿರುದ್ಧ. ಗಾಳಿ ದಡದತ್ತ ಬೀಸುವಾಗ ಹಾಯಿಹಡಗನ್ನು ಬಂಡೆಗೋ ಮರಳದಿಣ್ಣೆಗೋ ತಳ್ಳಿಬಿಡುತ್ತದೆ. ಆದ್ದರಿಂದ ಕರಾವಳಿಯ ಪಾಠವೆಂದರೆ ಎಚ್ಚರದ ಪಾಠ. ಎರಡು ದೀಪಸ್ತಂಭಗಳು ಯಾವ ಯಾವ ದಿಕ್ಕಿನಲ್ಲಿವೆ ಎಂದು ದಿಕ್ಸೂಚಿಯಿಂದ ನೋಡಿ, ನಕ್ಷೆಯ ಮೇಲೆ ಎರಡು ಗೆರೆ ಎಳೆದರೆ ಅವು ಕೂಡುವ ಚುಕ್ಕೆಯೇ ಹಡಗಿನ ಸ್ಥಾನ. ನೀರಿನ ಆಳವನ್ನೂ ಭರತ-ಇಳಿತಗಳನ್ನೂ ಅದಕ್ಕೆ ತಾಳೆ ನೋಡಬೇಕು.

ನಡುಗಡಲಿನಲ್ಲಿ ದೀಪಸ್ತಂಭವಿಲ್ಲ. ಅಲ್ಲಿ ಸೂರ್ಯ, ನಕ್ಷತ್ರಗಳೇ ಗುರುತು. ನಡುಹಗಲಿನ ಸೂರ್ಯನ ಎತ್ತರವನ್ನು ಸೆಕ್ಸ್‌ಟೆಂಟ್‌ನಿಂದ ಅಳೆದರೆ ಅಕ್ಷಾಂಶ ಸಿಗುತ್ತದೆ. ಆ ನಡುಹಗಲು ಗ್ರೀನಿಚ್ ಕಾಲದಲ್ಲಿ ಎಷ್ಟು ಗಂಟೆಗೆ ಆಯಿತು ಎಂಬುದರಿಂದ ರೇಖಾಂಶ ತಿಳಿಯುತ್ತದೆ; ಒಂದು ಗಂಟೆಯ ಅಂತರಕ್ಕೆ 15 ಡಿಗ್ರಿ. ಅಕ್ಷಾಂಶದಲ್ಲಿ ಒಂದು ಡಿಗ್ರಿ ತಪ್ಪಿದರೆ ಹಡಗು 60 ನಾಟಿಕಲ್ ಮೈಲಿ, ಅಂದರೆ ಸುಮಾರು 111 ಕಿಲೋಮೀಟರ್ ಆಚೆ ಇದ್ದಂತೆ. ಉಪಗ್ರಹಗಳು ಕ್ಷಣಾರ್ಧದಲ್ಲಿ ಸ್ಥಾನ ಹೇಳುವ ಈ ಕಾಲದಲ್ಲೂ, ಉಪಕರಣ ಕೈಕೊಟ್ಟ ದಿನಕ್ಕೆಂದು ಈ ವಿದ್ಯೆ ಬೇಕು.

ಇಂಥ ಯಾನದ ಮೊದಲೆರಡು ದಿನ ಹೆಚ್ಚಿನವರಿಗೆ ತಲೆಸುತ್ತು, ವಾಂತಿ. ಆದರೂ ನಾಲ್ಕು ನಾಲ್ಕು ಗಂಟೆಯ ಪಾಳಿ ತಪ್ಪದು. ನಟ್ಟಿರುಳಲ್ಲಿ ಎದ್ದು, ತೂಗುವ ಕೂವೆಮರ ಹತ್ತಿ ಹಾಯಿ ಮಡಚಬೇಕಾಗಬಹುದು. ‘ಒಂದು ಕೈ ಹಡಗಿಗೆ, ಒಂದು ಕೈ ನಿನಗೆ’ ಎಂಬ ನಾವಿಕರ ಹಳೆಯ ಮಾತಿನ ಅರ್ಥ ಅಲ್ಲಿ ತಿಳಿಯುತ್ತದೆ. ಗಾಳಿ ಬಲವಾಗುವ ಮೊದಲೇ ಹಾಯಿ ತಗ್ಗಿಸುವುದು ಅಂಜಿಕೆಯಲ್ಲ, ವಿವೇಕ. ಬಲವಾದ ಮೇಲೆ ಆ ಕೆಲಸ ಕೈಮೀರಿರುತ್ತದೆ.

ಕಡಲು ತಪ್ಪನ್ನು ಮನ್ನಿಸುವುದಿಲ್ಲ. 1957ರ ಸೆಪ್ಟೆಂಬರ್ 21ರಂದು ಜರ್ಮನಿಯ ತರಬೇತಿ ಹಡಗು ‘ಪಾಮಿರ್’ ಅಟ್ಲಾಂಟಿಕ್‌ನ ಚಂಡಮಾರುತಕ್ಕೆ ಸಿಕ್ಕಿತು. ಮೂಟೆಗಳಲ್ಲಿ ಕಟ್ಟದೆ ಬಿಡಿಯಾಗಿ ತುಂಬಿದ್ದ ಬಾರ್ಲಿ ಒಂದು ಪಕ್ಕಕ್ಕೆ ಜಾರಿ ಹಡಗು ಮಗುಚಿತು. 86 ಜನರಲ್ಲಿ ಉಳಿದವರು ಆರೇ ಮಂದಿ. ಸತ್ತವರಲ್ಲಿ ಹೆಚ್ಚಿನವರು ಕೆಲಸ ಕಲಿಯಲು ಬಂದ ಹುಡುಗರು. ಹಾಯಿಯ ತರಬೇತಿಯೇ ಬೇಡವೆಂಬ ಕೂಗು ಎದ್ದಿತು. ಆದರೆ ಮರುವರ್ಷವೇ ಪಶ್ಚಿಮ ಜರ್ಮನಿಯ ನೌಕಾಪಡೆ ‘ಗೋರ್ಕ್ ಫಾಕ್’ ಎಂಬ ಹೊಸ ಹಾಯಿಹಡಗನ್ನು ನೀರಿಗಿಳಿಸಿತು. ಅಪಾಯವನ್ನು ಅರಿಯದ ನಾವಿಕನೇ ಹೆಚ್ಚಿನ ಅಪಾಯ ಎಂಬುದು ಇಂಥ ತರಬೇತಿಯ ಹಿಂದಿರುವ ವಾದ.

ಅದರ ಫಲವನ್ನು ಭಾರತವೂ ಕಂಡಿದೆ. 2017ರ ಸೆಪ್ಟೆಂಬರ್‌ನಲ್ಲಿ ವರ್ತಿಕಾ ಜೋಶಿ ಅವರ ನೇತೃತ್ವದಲ್ಲಿ ಆರು ಮಂದಿ ಮಹಿಳಾ ಅಧಿಕಾರಿಗಳು ‘ತಾರಿಣಿ’ ಎಂಬ ಪುಟ್ಟ ಹಾಯಿದೋಣಿಯಲ್ಲಿ ಗೋವಾದಿಂದ ಹೊರಟರು. ದಾರಿಯಲ್ಲಿ ಚುಕ್ಕಾಣಿಯ ಯಂತ್ರ ಕೆಟ್ಟು, ಮಾರಿಷಸ್‌ನಲ್ಲಿ ತಂಗಿ ದುರಸ್ತಿ ಮಾಡಿಸಿಕೊಳ್ಳಬೇಕಾಯಿತು. 2018ರ ಮೇ 21ರಂದು ಭೂಮಿಯನ್ನು ಸುತ್ತಿ ಅವರು ಗೋವಾಕ್ಕೆ ಮರಳಿದರು. ಗುಂಡಿ ಒತ್ತಿದರೆ ಯಂತ್ರ ಓಡುತ್ತದೆ. ಅದು ನಿಂತಾಗ ಏನು ಮಾಡಬೇಕೆಂಬುದನ್ನು ಕಲಿಸಲು ಮಾತ್ರ ಗಾಳಿಯೇ ಬೇಕು.